ದಿನ ಬಿಟ್ಟು ದಿನದ ಗುಳಿಗೆ

ಮುರಗೆಪ್ಪನ ಮನೆಯ ಮುಂಬಾಗಿಲು ಹೆಂಡತಿ ಲಕ್ಕವ್ವನದು, ಹಿತ್ತಲ ಬಾಗಿಲು ಸೊಸೆ ಸೀಮಾಳದು. ಹೀಗೆಂದು ಯಾರೂ ಪಾಲು ಮಾಡಿ ಕೊಟ್ಟಿರಲಿಲ್ಲ, ಬರಬರುತ್ತ ಹಾಗಾಗಿತ್ತು. ಸೀಮಾ ಡಾಕ್ಟರು. ಐಗಳಿಯ ಆಚೆಗಿನ ಒಂದು ಹಳ್ಳಿಯ ಸರಕಾರಿ ದವಾಖಾನೆಯಲ್ಲಿ ಹದಿಮೂರು ವರ್ಷದಿಂದ ಅವಳೊಬ್ಬಳೇ. ಇನ್ನೊಬ್ಬ ಡಾಕ್ಟರು ಬರುತ್ತಾರೆಂಬ ಸುದ್ದಿಗೂ ಅಷ್ಟೇ ವಯಸ್ಸು. ಅಲ್ಲಿಯ ಪಾಳಿಯಲ್ಲಿ ನಿಲ್ಲಲು ಮನಸ್ಸಿಲ್ಲದವರು ಬೆಳಿಗ್ಗೆ ನೇರ ಮನೆಗೇ ಬಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಬರಿಗೈಯಲ್ಲಿ ಬಂದರೆಂದು ಅವರನ್ನು ದೂರುವಂತಿರಲಿಲ್ಲ. ಮೆಂತ್ಯದ ಸೂಡು, ಬೆಲ್ಲ, ಗಿಣ್ಣದ ಹಾಲು, ಮಣೂಕ ಎನ್ನುವ ಹೊಸ ಒಣದ್ರಾಕ್ಷಿ. ಲಕ್ಕವ್ವ ಎಲ್ಲವನ್ನೂ ಸೆರಗಿನಲ್ಲಿ ಇಸಿದುಕೊಂಡು, ಬಂದವರಿಗೆ ಚಹಾ ಕೊಟ್ಟು, ಯಾರಿಗೆ ಜ್ವರ, ಯಾರಿಗೆ ಬಿ.ಪಿ. ಎಂದು ವಿಚಾರಿಸಿ, ಆಮೇಲೆ ಒಳಗೆ ಕೂಗುತ್ತಿದ್ದಳು.

"ಸೀಮಾ, ಸತ್ಯಪ್ಪನ ಮಗಳು ಬಂದಾಳ ನೋಡು. ಬರೇ ಕೆಮ್ಮ ಐತಂತ. ಎರಡ ನಿಮಿಷದ ಕೆಲಸ."

"ಅತ್ತಿ, ಇನ್ನ ಒಂದ ತಾಸಿಗೆ ದವಾಖಾನಿ ತಗೀತೈತ್ರಿ. ಅಲ್ಲೇ ಬರಾಕ ಹೇಳ್ರಿ."

"ಚಹಾ ಕೊಟ್ಟ ಕೂಡಿಸೇನಿ. ಈಗ ಏಳು ಅಂದ್ರ ಮಂದಿ ಏನಂದಾರು?"

ಮಂದಿ ಏನಂದಾರು ಎಂಬುದಕ್ಕೆ ಸೀಮಾಳ ಹತ್ತಿರ ಯಾವ ಔಷಧಿಯೂ ಇರಲಿಲ್ಲ. ಬಾಯಲ್ಲಿ ರೊಟ್ಟಿಯ ತುತ್ತು ಇಟ್ಟುಕೊಂಡೇ ಸತ್ಯಪ್ಪನ ಮಗಳ ಬೆನ್ನಿಗೆ ಕೊಳವೆ ಇಟ್ಟು ಕೇಳುವಳು. ಹಿಂದೆ ಇನ್ನೂ ಮೂವರು ಇರುತ್ತಿದ್ದರು. ಅವರನ್ನು ಮುಗಿಸಿ ಹಿತ್ತಲಿನಿಂದ ಸ್ಕೂಟಿ ತೆಗೆದು ಹೊರಟರೆ ದವಾಖಾನೆಯಲ್ಲಿ ನೂರಕ್ಕೆ ಕಡಿಮೆಯಿಲ್ಲದ ಪಾಳಿ. ಸಂಜೆ ಮನೆಗೆ ಬಂದು ಸ್ಕೂಟಿಯ ಮೇಲೇ ಸುಮ್ಮನೆ ಕೂತಿರುತ್ತಿದ್ದಳು, ಇಳಿಯುವುದಕ್ಕೂ ಬೇಸರವಾಗಿ. ಇತ್ತೀಚೆಗೆ ಯಾರಾದರೂ, ಊರವರು ಡಾಕ್ಟರಮ್ಮನಿಗೆ ಅನ್ನುವ ಹಾಗೆ, "ಬಾಯಾರ" ಎಂದು ಕರೆದರೆ ಸಾಕು, ಹೊಟ್ಟೆಯೊಳಗೆ ಏನೋ ಹಿಂಡಿದಂತಾಗುತ್ತಿತ್ತು. ಅದನ್ನು ಗಂಡ ಭರತನಿಗೆ ಒಮ್ಮೆ ಹೇಳಿದಾಗ ಅವನು, "ಅಸಿಡಿಟಿ ಇರಬೇಕು," ಎಂದು ನಕ್ಕಿದ್ದ. ಡಾಕ್ಟರಿಗೆ ಡಾಕ್ಟರಿಕೆ ಹೇಳುವ ಹಕ್ಕು ಗಂಡಂದಿರಿಗೆ ಹುಟ್ಟಿನಿಂದಲೇ ಬಂದಿರುತ್ತದೆ.

ಆ ವರ್ಷ, ಎರಡು ಸಾವಿರದ ಹದಿನೆಂಟರ ಶ್ರಾವಣದಲ್ಲಿ, ಮಾವ ಮುರಗೆಪ್ಪ ಅವಳೆದುರು ಬಲಗೈ ಚಾಚಿ ನಿಂತಿದ್ದ. "ಈ ಹೆಬ್ಬೆಟ್ಟ ನನ್ನ ಮಾತ ಕೇಳವಲ್ದು ನೋಡವ್ವಾ." ಸೀಮಾ ಆಗ ನಿಂತೇ ಉಣ್ಣುತ್ತಿದ್ದಳು, ಕಿವಿಗೆ ಫೋನು ಬೇರೆ ಇತ್ತು. "ನರದ ಸೆಳೆತ ಇರ್ತೈತ್ರಿ ಮಾವಾರ," ಎಂದು ಚೀಲದಿಂದ ಒಂದು ಶಕ್ತಿಯ ಗುಳಿಗೆಯ ಪಟ್ಟಿ ತೆಗೆದು ಆ ಕೈಯಲ್ಲೇ ಇಟ್ಟು ಹೋಗಿದ್ದಳು. ಮುರಗೆಪ್ಪ ನಂಬಿಕೆಯ ಮನುಷ್ಯ. ಒಂದೂ ತಪ್ಪಿಸದೆ ಅಷ್ಟನ್ನೂ ನುಂಗಿದ.

ಅಕ್ಟೋಬರಿನಲ್ಲಿ ದ್ರಾಕ್ಷಿಯ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಬಂತು. ಪ್ರತಿ ವರ್ಷ ಪಡದ, ತಮ್ಮ ದ್ರಾಕ್ಷಿ ತೋಟದ, ಮೊದಲ ಸಾಲಿನ ಬಳ್ಳಿಗಳನ್ನು ಮುರಗೆಪ್ಪ ತನ್ನ ಕೈಯಿಂದಲೇ ಕತ್ತರಿಸಬೇಕು, ಆಮೇಲೆಯೇ ಆಳುಗಳಿಗೆ ಅಪ್ಪಣೆ. ಆ ದಿನ ಮೊದಲ ಬಳ್ಳಿಗೇ ಕತ್ತರಿ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಮೂರನೆಯ ಸಲ ಭರತ ಎತ್ತಿಕೊಟ್ಟ. ಮುರಗೆಪ್ಪ ತೆಗೆದುಕೊಳ್ಳಲಿಲ್ಲ. "ನೀನ ಮಾಡು," ಎಂದು ಬದುವಿನ ಮೇಲೆ ಹೋಗಿ ಕೂತ.

ಸಂಜೆ ಸೀಮಾ ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಹೆಬ್ಬೆರಳಿನ ಬುಡದ ಮಾಂಸ ಇಳಿದು ಗುಳಿ ಬಿದ್ದಿತ್ತು. ಮೊಣಕೈ ಕೆಳಗೆ ಚರ್ಮದಡಿಯಲ್ಲಿ ಏನೋ ಸಣ್ಣಗೆ ಅದುರುತ್ತಿತ್ತು. ಅವಳು ಓದಿದ್ದು ಮರೆತಿರಲಿಲ್ಲ. ಬಾಯಿಬಿಟ್ಟು ಹೇಳಿದ್ದು ಮಾತ್ರ ಇಷ್ಟೇ: "ನಾಳೆ ಮಿರಜಿಗೆ ಹೋಗೂಣ್ರಿ."

ಮಿರಜಿನ ನರದ ಡಾಕ್ಟರು ಒಳ್ಳೆಯವರು. ಕೂಡಿಸಿ ಬಿಡಿಸಿ ಹೇಳಿದರು. ಕೈಕಾಲು ಆಡಿಸುವ ನರಗಳು ಒಂದೊಂದಾಗಿ ಒಣಗುತ್ತವೆ. ಬುದ್ಧಿಗೆ ಏನೂ ಆಗುವುದಿಲ್ಲ. ವಾಸಿ ಮಾಡುವ ಔಷಧಿ ಇಲ್ಲ. ಒಂದು ಗುಳಿಗೆ ಇದೆ, ರೋಗದ ನಡಿಗೆಯನ್ನು ಸ್ವಲ್ಪ ನಿಧಾನ ಮಾಡೀತು, ಅಷ್ಟೇ. ಬರುವಾಗ ಕಾಗವಾಡದ ಹತ್ತಿರ ಕಾರಿನಲ್ಲಿ ಮುರಗೆಪ್ಪನೇ, "ಚಹಾ ಕುಡಿಯೂಣೇನು?" ಎಂದು ಕೇಳಿದ.

ಮನೆಗೆ ಬಂದು ಊಟಕ್ಕೆ ಕೂತಾಗ ಭರತನ ಬಾಯಿ ತೆರೆಯಿತು.

"ಊರ ಮಂದೀ ನಾಡಿ ಎಲ್ಲಾ ಹಿಡೀತಿ. ಮನ್ಯಾಗಿನ ಮನಿಷ್ಯಾ ಕೈ ಚಾಚಿ ನಿಂತ್ರ ನೋಡಾಕ ನಿನಗ ಟೈಮ್ ಇರ್ಲಿಲ್ಲ."

"ಭರತ, ಉಣ್ಣು," ಎಂದಳು ಲಕ್ಕವ್ವ.

"ನೀ ಸುಮ್ಕಿರವ್ವಾ. ಕಟ್ಟಿ ಮ್ಯಾಲ ಜಾತ್ರಿ ಕೂಡ್ಸಾಕಿ ನೀನ. ಕೆಮ್ಮಿದವ್ರು, ಕ್ಯಾಕರಿಸಿದವ್ರು ಎಲ್ಲಾರೂ ಇಲ್ಲೇ. ಅಪ್ಪಂದ ಪಾಳಿ ಯಾವಾಗ ಬರಬೇಕು?"

"ಆವಾಗ ನೋಡಿದ್ರೂ ಇದನ್ನ ತಡಿಯಾಕ ಆಗ್ತಿರ್ಲಿಲ್ರಿ," ಎಂದಳು ಸೀಮಾ. ಮಾತು ನಿಜ. ನಿಜವಾಗಿದ್ದರೂ ನೆವದಂತೆ ಕೇಳಿಸಿತು, ಅವಳ ಕಿವಿಗೇ. ತಾಟಿನ ಮುಂದೆ ಕೂತು ಅವಳು ಸಣ್ಣ ಹುಡುಗಿಯಂತೆ ಅತ್ತಳು. ಅತ್ತು ಮುಗಿದ ಮೇಲೆ ಹೇಳಿದಳು: "ಸಂಕ್ರಾಂತಿ ಮುಗೀಲಿ. ನಾ ಕೆಲಸ ಬಿಡ್ತೀನಿ. ಮನ್ಯಾಗ ಕುಂತ ಮಾವಾರ್ನ ನೋಡ್ಕೋತೀನಿ."

ಭರತ ತಲೆಯಾಡಿಸಿದ. ಲಕ್ಕವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮುರಗೆಪ್ಪ ಎಡಗೈಯಿಂದ ನುಚ್ಚು ಮಜ್ಜಿಗೆ ಕಲಸಲು ಒದ್ದಾಡುತ್ತಿದ್ದವನು ತಲೆಯೆತ್ತಿದ.

"ನನ್ನ ನೆವಾ ಮಾಡ್ಕೊಂಡ ಬಿಡಬ್ಯಾಡವ್ವಾ. ನಿನಗ ಸಾಕಾಗಿದ್ರ, ಸಾಕಾತು ಅಂತ ಹೇಳಿ ಬಿಡು. ನಾ ಹೋದ ಮ್ಯಾಲ ನಿನಗ ನನ್ನ ಮ್ಯಾಲ ಸಿಟ್ಟ ಬರಬಾರ್ದು."

ಸೀಮಾ ತಾಟು ಎತ್ತಿಕೊಂಡು ಎದ್ದಳು. ಮರುದಿನ ತಾಲೂಕಿನ ಆರೋಗ್ಯ ಇಲಾಖೆಯ ಸಾಹೇಬರಿಗೆ ಫೋನು ಮಾಡಿ ಕೆಲಸ ಬಿಡುವ ವಿಷಯ ಹೇಳಿಬಿಟ್ಟಳು.

ಭರತ ಬಿ.ಎಸ್ಸಿ. ಮಾಡಿ ಪಡ ನೋಡಿಕೊಳ್ಳುತ್ತಿದ್ದ. ಬಳ್ಳಿಗೆ ಬೂದಿರೋಗ ಬಂದರೆ ಮೊಬೈಲಿನಲ್ಲಿ ಹುಡುಕಿ ಔಷಧಿ ತರುವವನು ತಂದೆಗೆ ಬಂದ ರೋಗವನ್ನು ಬಿಟ್ಟಾನೆಯೇ? ದೀಪಾವಳಿ ಮುಗಿದ ವಾರ ಒಂದು ಸಂಜೆ ಮೊಬೈಲು ಹಿಡಿದುಕೊಂಡೇ ಪಡಸಾಲೆಗೆ ಬಂದ.

"ಸೀಮಾ, ಇಲ್ಲಿ ಕೇಳು. ನಮ್ಮ ಜೀನ್‌ನಾಗ ಜಿಗಿದಾಡೂ ತುಣುಕ ಅದಾವಂತ. ಹಳೇ ವೈರಸ್ಸಿನ ಜಾತೀವು. ಅಪ್ಪನಂಥಾ ಕೇಸಿನ್ಯಾಗ ಅವು ಎಚ್ಚರ ಆಗಿ ನರಾ ತಿಂತಾವಂತ. ಅದಕ್ಕ ಹೊರದೇಶದಾಗ ಎಚ್‌ಐವಿ ಗುಳಿಗಿ ಕೊಟ್ಟ ನೋಡಾಕತ್ತಾರ. ಖರೆ ಏನು?"

"ಅರ್ಧ ಖರೆ."

"ನನಗೂ ತಿಳಿಯೂ ಹಂಗ ಹೇಳ್ರೆಪಾ," ಎಂದ ಮುರಗೆಪ್ಪ. "ಮೈ ನಂದೈತಿ."

ಸೀಮಾ ಅವನ ಹತ್ತಿರ ಚಾಪೆಯ ಮೇಲೆ ಕೂತಳು. "ಮಾವಾರ, ನಮ್ಮ ಮೈಯಾಗ ಪ್ರತಿಯೊಂದ ಕಣದಾಗೂ ಹೆಂಗ ನಡೀಬೇಕು ಅನ್ನೂ ಹೇಳಿಕಿ ಇರ್ತೈತ್ರಿ, ತಂದಿತಾಯಿಯಿಂದ ಬಂದದ್ದು. ಅದರಾಗ ಕೆಲವ ತುಣುಕು ತಮ್ಮಂಥಾದ್ದ ಇನ್ನೊಂದ ಮಾಡಿ ಬ್ಯಾರೆ ಕಡೆ ಹೋಗಿ ಕೂಡ್ತಾವ. ಎಲ್ಲಾರ ಮೈಯಾಗೂ ಅದಾವ. ಮೈ ಅವನ್ನ ಹತ್ತಿಕ್ಕಿ ಮಲಗಿಸಿಟ್ಟಿರ್ತೈತಿ. ಕೆಲವ್ರಿಗೆ ವಯಸ್ಸಾದಂಗ ಆ ಹಿಡಿತ ಸಡಲ ಆಗ್ತೈತಿ."

ಮುರಗೆಪ್ಪ ತಲೆದೂಗಿದ. "ಕರಿಕಿ ಹುಲ್ಲ ಇದ್ದಂಗ ಅನ್ನು. ಪಡದಾಗ ಒಂದ ಗೆಣ್ಣ ಉಳಿದ್ರ ಸಾಕು, ಅಲ್ಲೊಂದ ಇಲ್ಲೊಂದ ಬೇರ ಬಿಡತೈತಿ. ನಾ ಕಣ್ಣಿಟ್ಟಿರೂ ತನಕ ಸುಮ್ಕಿರ್ತೈತಿ."

"ಹಂಗ ಅನ್ರಿ. ಆದ್ರ ಆ ಕರಿಕಿಯಿಂದನ ಬಳ್ಳಿ ಒಣಗಾಕತ್ತೈತೋ, ಬಳ್ಳಿ ಒಣಗಿದ್ದಕ್ಕ ಕರಿಕಿ ಎದ್ದೈತೋ, ಯಾರಿಗೂ ಇನ್ನ ಗೊತ್ತಾಗಿಲ್ರಿ."

"ಗೊತ್ತಾಗೂ ತನಕ ಅಪ್ಪ ಇರ್ಬೇಕಲ್ಲ!" ಭರತನ ದನಿ ಏರಿತು. "ಎಚ್‌ಐವಿ ಗುಳಿಗಿ ದೊಡ್ಡ ದವಾಖಾನ್ಯಾಗ ಡಬ್ಬಿಗಟ್ಟಲೆ ಅದಾವ. ನೀ ಒಂದ ಮಾತ ಕೇಳಿದ್ರ ಕೊಡೂದಿಲ್ಲೇನು?"

"ಅವು ಬ್ಯಾರೆ ಗುಳಿಗಿ, ಅಲ್ಲಿ ಪರೀಕ್ಷಾ ಮಾಡೂವು ಬ್ಯಾರೆ. ಎಲ್ಲಾ ಒಂದಲ್ಲ. ಮತ್ತ ಇಲ್ಲಿರೂವು ಅವನ್ನ ನುಂಗಿ ಬದುಕಿರೂ ಮಂದೀ ಪಾಲಿನವು. ನಾ ಕೇಳೂದಿಲ್ಲ."

"ಕೇಳೂದಿಲ್ಲ ಅನ್ನು. ಅಪ್ಪನ ಸಲುವಾಗಿ ಒಂದ ಮಾತ ಕೇಳೂದಿಲ್ಲ."

ಲಕ್ಕವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ಜೀನು, ಕಣ, ಅರ್ಧ ಖರೆ ಇವೆಲ್ಲ ಅವಳ ತಲೆಯ ಮೇಲಿನಿಂದ ಹಾರಿಹೋದವು. ಒಂದೇ ಮಾತು ಒಳಗಿಳಿಯಿತು. ತನ್ನ ಗಂಡನಿಗೆ ಔಷಧಿ ಇದೆ, ಅದು ಸಾವಿತ್ರೆವ್ವ ನುಂಗುವ ಗುಳಿಗೆ.

ಸಾವಿತ್ರೆವ್ವ ಅವರ ಪಡದಲ್ಲಿ ದುಡಿಯುವ ಹೆಣ್ಣಾಳುಗಳ ಮುಂದಾಳು. ಹನ್ನೊಂದು ವರ್ಷದ ಹಿಂದೆ ಲಾರಿ ಓಡಿಸುತ್ತಿದ್ದ ಗಂಡ ಎಚ್‌ಐವಿಯಿಂದ ಸತ್ತು, ಅತ್ತೆ ಮನೆಯವರು ಅವಳನ್ನು ಹೊರಗೆ ಹಾಕಿದಾಗ ಅವಳ ಮೈಯಲ್ಲಿ ಎಲುಬು ಬಿಟ್ಟು ಬೇರೇನೂ ಇರಲಿಲ್ಲ. ಆಗಿನ್ನೂ ಹೊಸಬಳಾಗಿದ್ದ ಸೀಮಾ ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ, ಅಲ್ಲಿಂದ ಬೆಳಗಾವಿಗೆ ಕರೆದೊಯ್ದು ಗುಳಿಗೆ ಶುರು ಮಾಡಿಸಿದ್ದಳು. ಲಕ್ಕವ್ವ ಆ ದಿನಗಳಲ್ಲಿ ಅವಳಿಗೆ ಬೇರೆ ಲೋಟ ಇಟ್ಟಿದ್ದಳು. ಸೀಮಾ ಒಂದು ದಿನ ಅದೇ ಲೋಟದಲ್ಲಿ ಚಹಾ ಹಾಕಿಕೊಂಡು ಕುಡಿದು ಅತ್ತೆಯ ಮುಂದೆ ಇಟ್ಟ ಮೇಲೆ ಬೇರೆ ಲೋಟದ ಮಾತು ನಿಂತಿತು. ಈಗ ಅವರಿಬ್ಬರೂ ಒಂದೇ ಎಲೆಯಡಿಕೆ ಚೀಲದವರು. ಸಾವಿತ್ರೆವ್ವ ತನ್ನ ರೋಗವನ್ನು ಬಚ್ಚಿಡುತ್ತಿರಲಿಲ್ಲ. "ಬಾಯಾರು ಕೊಟ್ಟ ಜೀವಾ ಇದು," ಎಂದು ತನ್ನ ಎದೆ ಮುಟ್ಟಿ ಎಲ್ಲರೆದುರೂ ಹೇಳುವಳು.

ಮರುದಿನ ಲಕ್ಕವ್ವ ಗೆಳತಿಯ ಮುಂದೆ ಅತ್ತಳು. ಬೇಡಲಿಲ್ಲ. ಅದನ್ನು ಅವಳ ಪರವಾಗಿ ಹೇಳಲೇಬೇಕು. "ಔಷಧ ಐತಂತ ಸಾವಿತ್ರೆವ್ವಾ, ನಮಗ ಸಿಗೂದಿಲ್ಲಂತ," ಎಂದಷ್ಟೇ ಹೇಳಿದಳು.

ಸಾವಿತ್ರೆವ್ವ ಬಾಯಲ್ಲಿದ್ದ ಎಲೆ ಉಗಿದು ಬಂದಳು. "ಅಕ್ಕಾ, ನನ್ನ ಹಂತೇಲಿ ತಿಂಗಳ ಗುಳಿಗಿ ಇರ್ತಾವ. ನಾ ಒಂದಿನ ನುಂಗ್ತೀನಿ, ಅಣ್ಣಾರು ಒಂದಿನ ನುಂಗ್ಲಿ. ಇಷ್ಟ ವರ್ಸ ನುಂಗೇನಿ, ಮೈ ಗಟ್ಟಿ ಆಗೇತಿ. ದಿನಾ ಬಿಟ್ಟ ದಿನಾ ಆದ್ರ ಏನ್ ಆಗ್ತೈತಿ?"

"ಸೀಮಾಗ ಗೊತ್ತಾದ್ರ?"

"ಬಾಯಾರಿಗೆ ಯಾಕ ಹೇಳೂದು? ಅವರಿಗೆ ಮೊದ್ಲ ತಲಿ ತುಂಬ ಕೆಲಸ."

ಹೀಗೆ ಇಬ್ಬರು ಹೆಂಗಸರು, ಒಬ್ಬಳು ಪ್ರೀತಿಯಿಂದ, ಇನ್ನೊಬ್ಬಳು ಉಪಕಾರ ಸ್ಮರಣೆಯಿಂದ, ಸೇರಿ ಮಾಡಬಾರದ ಕೆಲಸಕ್ಕೆ ಕೈ ಹಾಕಿದರು. ದಿನ ಬಿಟ್ಟು ದಿನ, ಮಲಗುವ ಮುಂಚೆ, ಲಕ್ಕವ್ವ ಗುಳಿಗೆ ಕುಟ್ಟಿ ಬೆಲ್ಲ ಬೆರೆಸಿ ಹಾಲಿನಲ್ಲಿ ಕೊಡುತ್ತಿದ್ದಳು. ಮುರಗೆಪ್ಪ, "ಬೆಲ್ಲ ಯಾಕ ಕಹಿ ಐತಿ?" ಎಂದರೆ, "ಈ ಸಲದ ಕಬ್ಬ ಹಂಗ ಐತಿ," ಎನ್ನುವಳು. ರಾಯಬಾಗದಿಂದ ಬಂದ ಒಳ್ಳೆಯ ಬೆಲ್ಲಕ್ಕೆ ಸುಮ್ಮನೆ ಕೆಟ್ಟ ಹೆಸರು ಬಂತು.

ಕಾರ್ತಿಕ ಕಳೆಯಿತು. ಮುರಗೆಪ್ಪನ ಎಡಗೈಯೂ ಸೋಲತೊಡಗಿತು. ಅಂಗಿಯ ಗುಂಡಿ ಹಾಕುವುದು ಲಕ್ಕವ್ವನ ಪಾಲಿಗೆ ಬಂತು, ಗಡ್ಡ ಹೆರೆಯುವುದು ಭರತನ ಪಾಲಿಗೆ. ತುತ್ತು ಯಾರು ಇಡಬೇಕೆಂಬುದಕ್ಕೆ ದಿನವೂ ಜಗಳ. ಮುರಗೆಪ್ಪ ಯಾರ ಕೈಯಿಂದಲೂ ತಿನ್ನಲು ಒಪ್ಪುತ್ತಿರಲಿಲ್ಲ. ಸೀಮಾ ಅಟ್ಟದಿಂದ ಒಂದು ದಪ್ಪ ಹಿಡಿಕೆಯ ಚಮಚ ಹುಡುಕಿ ತಂದು ಅದನ್ನು ಅವನ ಅಂಗೈಗೆ ಬಟ್ಟೆಯಿಂದ ಕಟ್ಟಿದಳು. ಅಂದಿನಿಂದ ಅವಳು ರವಿವಾರ ಬೆಳಿಗ್ಗೆ ಅವನ ಹತ್ತಿರವೇ ಕೂತು ಉಣ್ಣಲು ಶುರು ಮಾಡಿದಳು. ಕಟ್ಟೆಯ ಮೇಲಿನ ಮಂದಿ ಕಾಯಲಿ ಎಂದು ಕೂತಳು. ಬಿಡುವವಳಿಗೆ ಏನು ಹೆದರಿಕೆ?

ಡಿಸೆಂಬರಿನ ಅಂಥ ಒಂದು ರವಿವಾರ ಮುರಗೆಪ್ಪ ಸಜ್ಜಕದ ಚಮಚ ಬಾಯಿಗೆ ತಂದವನು ನಗತೊಡಗಿದ.

"ಯಾಕ್ರಿ ಮಾವಾರ?"

"ಕನಸ ಬಿದ್ದಿತ್ತವ್ವಾ. ನಮ್ಮ ಸತ್ತ ಎತ್ತು ಬಂದಿತ್ತು, ಬಿಳೇದು. ಪಡದಾಗ ನಿಂತ ನನ್ನ ಕೂಡ ಮರಾಠಿ ಮಾತಾಡಾಕತ್ತಿತ್ತು."

"ಏನಂತ್ರಿ?"

"'ಚಲಾ, ಚಾಟ್ನಿ ಕರೂಯಾ' ಅಂತು, ನಡೀ ಚಾಟ್ನಿ ಮಾಡೂಣು ಅಂತ. ಖರೆ ಅಂದ್ರ ಖರೆ, ಎದ್ದ ಮ್ಯಾಲೂ ಅದರ ದನಿ ಕಿವ್ಯಾಗ ಇತ್ತು."

ಸೀಮಾ ನಕ್ಕಳು. ಬಹಳ ದಿನಗಳ ಮೇಲೆ ಮನೆಯಲ್ಲಿ ಅವಳ ನಗು ಕೇಳಿಸಿತು. ನಗುತ್ತ ನಗುತ್ತಲೇ ಅವಳ ಮುಖ ಬದಲಾಯಿತು.

"ಇಂಥಾ ಕನಸು ದಿನಾ ಬೀಳ್ತಾವೇನ್ರಿ?"

"ದಿನಾ ಇಲ್ಲವ್ವಾ. ಇವತ್ತ ಬಿದ್ರ ನಾಳೆ ಇಲ್ಲ. ನಾಡದ ಮತ್ತ."

"ಕನಸ ಬಿದ್ದ ದಿನ ಎದ್ದ ಕೂಡ್ಲೇ ತಲಿ ತಿರಗತೈತೇನ್ರಿ?"

"ಹೌದ ನೋಡು! ನಿನಗ ಹೆಂಗ ಗೊತ್ತಾತು?"

ಸಾವಿತ್ರೆವ್ವನಂಥವರಿಗೆ ಆ ಗುಳಿಗೆ ಹೊಸದಾಗಿ ಶುರುವಾದಾಗ ಎಷ್ಟೋ ಮಂದಿ ಇದೇ ಮಾತನ್ನು ಸೀಮಾಳ ಮುಂದೆ ಹೇಳಿದ್ದರು. ವಿಚಿತ್ರ ಕನಸು, ಬೆಳಿಗ್ಗೆ ಅಮಲು. "ಹೆದರಬ್ಯಾಡ್ರಿ, ಕಡಿಮಿ ಆಗ್ತೈತಿ," ಎಂದು ಅವಳೇ ಧೈರ್ಯ ಹೇಳಿ ಕಳಿಸಿದ್ದಳು. ಅವಳು ಮೆಲ್ಲಗೆ ಎದ್ದು ಅಡುಗೆಮನೆಯ ಕಡೆ ನೋಡಿದಳು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು.

"ಅತ್ತಿ, ಮಾವಾರಿಗೆ ಏನ್ ಕೊಡಾಕತ್ತೀರಿ?"

ಲಕ್ಕವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಳು. ಸುಳ್ಳು ಹೇಳಲು ಅವಳಿಗೆ ಕಬ್ಬಿನ ವಿಷಯದಲ್ಲಿ ಮಾತ್ರ ಬರುತ್ತಿತ್ತು. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು.

ಭರತ ಪಡಕ್ಕೆ ಓಡಿ ದ್ರಾಕ್ಷಿ ಗೊನೆ ಔಷಧಿಯಲ್ಲಿ ಅದ್ದುವ ಕೆಲಸದಲ್ಲಿದ್ದ ಸಾವಿತ್ರೆವ್ವನನ್ನು ಕರೆದುಕೊಂಡು ಬಂದ. ಅವಳ ಕೈಗೆ ಔಷಧಿಯ ಬಣ್ಣ ಹತ್ತಿತ್ತು. ಪಡಸಾಲೆಯಲ್ಲಿ ಸೀಮಾ ನಿಂತ ರೀತಿ ನೋಡಿಯೇ ಅವಳಿಗೆ ತಿಳಿಯಿತು.

"ಎಷ್ಟ ದಿನದಿಂದ?" ಎಂದಳು ಸೀಮಾ.

"ದೀಪಾಳಿ ಆದ ಮ್ಯಾಲ್ರಿ. ಬಾಯಾರ, ಅಕ್ಕಂದ ತಪ್ಪಿಲ್ರಿ. ನಾನ..."

"ನಿನ್ನ ಮೈಯಾಗಿನ ವೈರಸ್ಸ ಸತ್ತಿಲ್ಲ ಸಾವಿತ್ರೆವ್ವಾ! ಮಲಗೇತಿ ಅಷ್ಟ. ಗುಳಿಗಿ ತಪ್ಪಿಸಿದ್ರ ಏಳ್ತೈತಿ. ಎದ್ದ ಮ್ಯಾಲ ಈ ಗುಳಿಗೀಗೆ ಬಗ್ಗೂದಿಲ್ಲ. ನೂರ ಸಲ ಹೇಳೇನಿಲ್ಲೋ? ನೀ ಸತ್ರ ನಾ ಏನ್ ಮಾಡ್ಲಿ?"

"ಇಷ್ಟ ವರ್ಸ ನೀವ ಕೊಟ್ಟದ್ದರಿ ಬಾಯಾರ. ನಿಮ್ಮ ಮನೀಗೇ ಕೊಟ್ರ ನಂದೇನ ಹೋತು?" ಸಾವಿತ್ರೆವ್ವ ಮೆತ್ತಗೆ, ಲೆಕ್ಕ ಸರಿಯಾಗಿಯೇ ಇದೆ ಎಂಬಂತೆ ಹೇಳಿದಳು. "ನಿಮಗ ಕೊಡಾಕ ನನ್ನ ಹಂತೇಲಿ ಬ್ಯಾರೆ ಏನೈತ್ರಿ?"

ಸೀಮಾ ಎರಡೂ ಕೈಯಿಂದ ಅವಳ ಭುಜ ಹಿಡಿದಳು. ಹೊಡೆಯುತ್ತಾಳೇನೋ ಎಂದು ಲಕ್ಕವ್ವ ಮುಂದೆ ಬಂದಳು.

"ನನಗ ಏನರ ಕೊಡೂದಿದ್ರ ದಿನಾ ಒಂದ ಗುಳಿಗಿ ನೀನ ನುಂಗು. ನನ್ನ ಕಣ್ಣ ಮುಂದ ಮುದಕಿ ಆಗು. ಮತ್ತೇನೂ ಬ್ಯಾಡ ನನಗ. ಮೆಂತೇ ಬ್ಯಾಡ, ಬೆಲ್ಲಾ ಬ್ಯಾಡ, ನಿನ್ನ ಜೀವಾ ಬ್ಯಾಡ!"

ಆಗ ಕುರ್ಚಿಯಲ್ಲಿದ್ದ ಮುರಗೆಪ್ಪ ಬಾಯಿ ತೆರೆದ. ನಲವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಮೇಲೆ ದನಿ ಎತ್ತಿದವನಲ್ಲ. ಈಗಲೂ ಎತ್ತಲಿಲ್ಲ. ಆದರೆ ಲಕ್ಕವ್ವ ಅವನ ಮಾತಿಗೆ ಹಿಂದಕ್ಕೆ ಸರಿದಳು.

"ಮಂದೀ ಆಯುಷ್ಯಾ ಕುಟ್ಟಿ ಹಾಲಿನ್ಯಾಗ ಹಾಕಿ ಕುಡಿಸಿದೇನ ನನಗ?"

ಲಕ್ಕವ್ವ ನೆಲಕ್ಕೆ ಕುಸಿದು ಕೂತಳು. "ನೀವು ಉಳೀಬೇಕಂತ ಮಾಡಿದ್ನಿರಿ," ಎಂದಳು. ಸಾವಿತ್ರೆವ್ವ ಅವಳ ಪಕ್ಕದಲ್ಲೇ ಕೂತು ಅವಳ ಹಿಟ್ಟಿನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಭರತ ಗೋಡೆಗೆ ಮುಖ ಮಾಡಿ ನಿಂತ. "ನಂದ ಮೊಬೈಲು, ನಂದ ಬಾಯಿ. ಎಲ್ಲಾ ನನ್ನಿಂದನ ಆತು," ಎಂದ.

ಮರುದಿನ ಭರತನೇ ಕಾರು ತೆಗೆದ. ಸೀಮಾ ದವಾಖಾನೆಗೆ ರಜೆ ಹಾಕಿ ಸಾವಿತ್ರೆವ್ವನನ್ನೂ ಮಾವನನ್ನೂ ತಾಲೂಕಿನ ದೊಡ್ಡ ದವಾಖಾನೆಗೆ ಕರೆದೊಯ್ದಳು. ಆ ಗುಳಿಗೆ ಕೆಡಿಸಬಹುದಾಗಿದ್ದ ಮಾವನ ಮೂತ್ರಪಿಂಡಕ್ಕೆ ಏನೂ ಆಗಿರಲಿಲ್ಲ. ಸಾವಿತ್ರೆವ್ವನ ರಕ್ತ ತೆಗೆದು ದೊಡ್ಡ ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ಸಂಕ್ರಾಂತಿ ಆಗಬಹುದು ಎಂದರು. ವೈರಸ್ಸು ಎದ್ದಿದೆಯೋ ಇಲ್ಲವೋ ಅದರಿಂದಲೇ ತಿಳಿಯಬೇಕು. ಎದ್ದಿದ್ದರೆ ಗುಳಿಗೆ ಬದಲಿಸಬೇಕು, ಬದಲಿಸಿದ್ದು ಹತ್ತುತ್ತದೋ ಇಲ್ಲವೋ ದೇವರೇ ಬಲ್ಲ.

ಆ ವಾರಗಳನ್ನು ಮನೆಯವರು ಹೇಗೆ ಕಳೆದರೋ. ಸೀಮಾ ಪ್ರತಿದಿನ ಸಂಜೆ ಸಾವಿತ್ರೆವ್ವನ ಗುಡಿಸಲಿಗೆ ಹೋಗಿ, ಎದುರಿಗೆ ಕೂತು, ಅವಳು ಗುಳಿಗೆ ನುಂಗಿ ಬಾಯಿ ತೆರೆದು ತೋರಿಸಿದ ಮೇಲೆ ಮನೆಗೆ ಬರುವಳು. "ನಾ ಏನ್ ಸಣ್ಣ ಕೂಸೇನ್ರಿ?" ಎಂದರೆ, "ಕೂಸಿಗಿಂತಾ ಕಡೆ," ಎನ್ನುವಳು. ಭರತ ತಂದೆಗೆ ತುತ್ತು ಇಡಲು ಕಲಿತ. ಮುರಗೆಪ್ಪ ಈಗ ಬೇಡ ಎನ್ನುತ್ತಿರಲಿಲ್ಲ, ಮಗನಿಗಾದರೂ ಸಮಾಧಾನವಾಗಲಿ ಎಂದು ಬಾಯಿ ತೆರೆಯುತ್ತಿದ್ದ. ಇನ್ನು ಲಕ್ಕವ್ವ, ಕಟ್ಟೆಗೆ ಬಂದವರನ್ನು ಮುಖಕ್ಕೆ ಮುಖ ಕೊಟ್ಟು ಎಬ್ಬಿಸತೊಡಗಿದಳು. "ಇದು ಮನಿ, ದವಾಖಾನಿ ಅಲ್ಲ. ನನ್ನ ಸೊಸಿ ಉಣ್ಣಾಕತ್ತಾಳ." ಕೆಲವರು ಮುನಿಸಿಕೊಂಡರು. ಮೆಂತ್ಯದ ಸೂಡು ಬರುವುದು ಕಡಿಮೆಯಾಯಿತು, ಲಕ್ಕವ್ವ ಅದನ್ನೂ ಸಹಿಸಿಕೊಂಡಳು.

ಒಂದು ಮಧ್ಯಾಹ್ನ ಸೀಮಾ 'ಕೈಕಾಲು ತಿಕ್ಕಿ ಆಡಿಸಬೇಕು' ಎಂದು ಡಾಕ್ಟರು ಹೇಳಿದಂತೆ ಮಾವನ ಬೆರಳುಗಳನ್ನು ಮಡಚಿ ಬಿಡಿಸುತ್ತಿದ್ದಳು. ಅವನ ಮಾತು ಸ್ವಲ್ಪ ತೊದಲತೊಡಗಿತ್ತು.

"ಸೀಮಾ. ಆ ಹೆಣ್ಣಮಗಳ ಮ್ಯಾಲ ಸಿಟ್ಟ ಹೋತೇನು?"

"ಇಲ್ರಿ. ಹೋಗೂದೂ ಇಲ್ಲ."

"ನಾ ಜೀವನಾ ಎಲ್ಲಾ ಬಳ್ಳಿಗೆ ನೀರ ಹಾಕೇನಿ, ಗೊಬ್ಬರ ಹಾಕೇನಿ. ಯಾವ ಬಳ್ಳೀನೂ ತನ್ನ ಬೇರ ಕಿತ್ತ 'ಮುರಗೆಪ್ಪಾ ತಗೋ' ಅನ್ಲಿಲ್ಲ." ಉಸಿರು ತೆಗೆದುಕೊಂಡ. "ತಪ್ಪ ಮಾಡ್ಯಾಳ. ಆದ್ರ ನೀ ಮಾಡಿದ್ದ ನೀರಾಗ ಹೋಗಿಲ್ಲ ಅನ್ನೂದ ಗೊತ್ತಾತಿಲ್ಲೋ? ಎಷ್ಟ ಮಂದೀಗೆ ಗೊತ್ತಾಗ್ತೈತಿ ಅದು? ನನ್ನ ಮನೀಗೆ ಇಂಥಾ ಸೊಸಿ ಬಂದ್ಲಲ್ಲ, ನಂದ ದೊಡ್ಡ ನಶೀಬ."

ಸೀಮಾ ಅವನ ಬೆರಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಅವಳಿಗೆ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

ಸಂಕ್ರಾಂತಿ ಬಂತು. ಲಕ್ಕವ್ವ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ ಎಲ್ಲವನ್ನೂ ಮಾಡಿದಳು, ಯಾರೂ ಹೊಟ್ಟೆ ತುಂಬ ತಿನ್ನಲಿಲ್ಲ. ಮರುದಿನ ತಾಲೂಕಿನ ಸಾಹೇಬರು ಫೋನು ಮಾಡಿದರು. "ಖರೇನ ಬಿಡ್ತೀರೇನ್ರಿ ಡಾಕ್ಟರ್? ನಿಮ್ಮ ಜಾಗಾಕ್ಕ ಕಳಸಾಕ ನನ್ನ ಹಂತೇಲಿ ಯಾರೂ ಇಲ್ರಿ. ಈ ವಾರದಾಗ ಪಕ್ಕಾ ಹೇಳ್ರಿ." ಸೀಮಾ ಹೂಂ ಎಂದಳು.

ಅದೇ ವಾರದ ಶುಕ್ರವಾರ. ದವಾಖಾನೆಯ ಪಾಳಿ ಬಾಗಿಲು ದಾಟಿ ಬೇವಿನ ಗಿಡದ ತನಕ ಹೋಗಿತ್ತು. ಸೀಮಾ ಹಾಲಸಿದ್ದನೆಂಬ ಮುದುಕನ ಬಿ.ಪಿ. ನೋಡುತ್ತಿದ್ದಾಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ದೊಡ್ಡ ದವಾಖಾನೆಯವರು.

"ಮೇಡಮ್ಮರ, ನಿಮ್ಮ ಸಾವಿತ್ರೆವ್ವಂದ ಬಂತ್ರಿ. ವೈರಸ್ಸ ಏನೂ ಎದ್ದಿಲ್ರಿ. ಅದ ಗುಳಿಗಿ ಮುಂದವರಸ್ರಿ."

"ಇನ್ನೊಮ್ಮೆ ಹೇಳ್ರಿ," ಎಂದಳು ಸೀಮಾ. ಅವರು ಇನ್ನೊಮ್ಮೆ ಹೇಳಿದರು. ಅವಳು ಫೋನು ಇಟ್ಟು, ಹಾಲಸಿದ್ದನ ತೋಳಿನ ಪಟ್ಟಿಯನ್ನು ಬಿಚ್ಚಿ, ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ಜೋರಾಗಿಯೇ ಅತ್ತಳು. ಹದಿಮೂರು ವರ್ಷದ್ದು ಒಮ್ಮೆಲೇ ಬಂದಂತಿತ್ತು.

ಹಾಲಸಿದ್ದ ಗಾಬರಿಯಾದ. "ನನ್ನ ಬಿ.ಪಿ. ಅಷ್ಟ ಕೆಟ್ಟೈತೇನ್ರಿ ಬಾಯಾರ?"

ಪಾಳಿಯ ನಡುವಿನಿಂದ ಒಬ್ಬ ಹೆಂಗಸು ಎಲ್ಲರನ್ನೂ ಸರಿಸಿಕೊಂಡು ಬಂದಳು. ಲಕ್ಕವ್ವ. ಮನೆಯಲ್ಲಿ ಯಾರನ್ನೂ ನೋಡಿಸುವುದಿಲ್ಲ ಎಂದು ಊರಿಗೆಲ್ಲ ಹೇಳಿದವಳು ತನಗೊಂದು ನ್ಯಾಯ ಮಾಡಿಕೊಳ್ಳಲಾರದೆ, ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದಳು.

"ಹೊರಗ ನಡೀರಿ ಎಲ್ಲಾರೂ. ಬಾಗಲಾ ಮುಂದ ಮಾಡ್ರಿ."

"ನನಗ ಬಸ್ಸ ಐತಬೇ," ಎಂದ ಹಾಲಸಿದ್ದ.

"ಇನ್ನೊಂದ ಬಸ್ಸಿಗೆ ಹೋಗು. ಇಷ್ಟ ವರ್ಸ ನಿಮ್ಮನ್ನ ನೋಡ್ಯಾಳ. ಒಂದ ಗಳಿಗಿ ಅಳಾಕ ಬಿಡ್ರಿ ಆಕೀನ್ನ."

ಬಾಗಿಲು ಮುಚ್ಚಿತು. ಸೀಮಾ ಮನಸ್ಸು ತಣಿಯುವ ತನಕ ಅತ್ತಳು. ಯಾರೂ ಬಾಗಿಲು ಬಡಿಯಲಿಲ್ಲ, ಯಾರೂ "ಬಾಯಾರ" ಎಂದು ಕೂಗಲಿಲ್ಲ. ಹೊರಗೆ ಒಂದು ಕೂಸು ಅತ್ತರೆ ಅದನ್ನು ದೂರ ಎತ್ತಿಕೊಂಡು ಹೋದ ಸಪ್ಪಳ ಕೇಳಿಸಿತು. ಅವಳು ಕೊಡದ ನೀರಿನಿಂದ ಮುಖ ತೊಳೆದುಕೊಂಡಳು. ಸಾವಿತ್ರೆವ್ವನಿಗೆ ಫೋನು ಮಾಡಿ ಹೇಳಿದಳು. ಆ ಕಡೆಯಿಂದ, "ಸಂಜೀಕ ಬರ್ತೀರಿಲ್ಲರಿ? ಚಹಾ ಇಡ್ತೀನ್ರಿ," ಎಂದು ಬಂತು.

ಸೀಮಾ ಬಾಗಿಲು ತೆರೆದಳು. ಒಬ್ಬರೂ ಹೋಗಿರಲಿಲ್ಲ, ಬಸ್ಸಿನ ಹಾಲಸಿದ್ದನೂ. ಬೇವಿನ ಗಿಡದ ತನಕ ಅಷ್ಟು ಜನ ಸದ್ದಿಲ್ಲದೆ ಅವಳ ಮುಖ ನೋಡುತ್ತ ನಿಂತಿದ್ದರು. ಮಂದಿಯನ್ನು ಕಂಡು ಅವಳ ಹೊಟ್ಟೆ ಹಿಂಡದಿದ್ದದ್ದು ಎಷ್ಟೋ ಕಾಲದ ಮೇಲೆ ಇದೇ ಮೊದಲು.

ಹಾಲಸಿದ್ದನ ಬಿ.ಪಿ. ಚೆನ್ನಾಗಿಯೇ ಇತ್ತು. ಅವನನ್ನು ಕಳಿಸಿ, ಅತ್ತೆಗಿಂತ ಮುಂದಿದ್ದವರನ್ನು ಒಬ್ಬೊಬ್ಬರಾಗಿ ನೋಡಿ, ಸೀಮಾ ಕೂಗಿದಳು: "ಯಾರದ ಪಾಳಿ? ಬರ್ರಿ."

"ನಂದವ್ವಾ," ಎಂದು ಲಕ್ಕವ್ವ ಕುಂಟುತ್ತ ಒಳಗೆ ಬಂದು ಸ್ಟೂಲಿನ ತುದಿಯಲ್ಲಿ ಕೂತಳು. "ಮೊಣಕಾಲು."

ಸೀಮಾ ನೆಲದ ಮೇಲೆ ಕೂತು ಅತ್ತೆಯ ಸೀರೆಯ ಅಂಚು ಸರಿಸಿ ಮೊಣಕಾಲು ಒತ್ತಿ ನೋಡಿದಳು. ಮಡಚಿಸಿದಳು, ಚಾಚಿಸಿದಳು, ಎಲ್ಲಿ ನೋವು, ಎಂದಿನಿಂದ ಎಂದು ಒಂದೊಂದಾಗಿ ಕೇಳಿದಳು. ಎದ್ದು ಚೀಟಿ ಬರೆದು ಕೊಟ್ಟಳು.

"ಈ ಗುಳಿಗಿ ಉಂಡ ಮ್ಯಾಲ ತಗೋರಿ ಅತ್ತಿ. ಮುಂದಿನ ತಿಂಗಳ ಮತ್ತ ಬರ್ರಿ, ನೋಡೂಣು."

ಲಕ್ಕವ್ವ ಚೀಟಿ ಹಿಡಿದು ಏಳದೆ ಕೂತಳು.

"ಮುಂದಿನ ತಿಂಗಳ ನೀ ಇರ್ತಿ ಇಲ್ಲೇ?"

ಸೀಮಾಳ ಕೈಯಲ್ಲಿ ಪೆನ್ನು ಹಾಗೆಯೇ ಇತ್ತು. ಬಾಗಿಲಿನಾಚೆ ಮುಂದಿನವರು ಕೆಮ್ಮಿದರು.

"ಇರ್ತೀನ್ರಿ," ಎಂದಳು. "ಪಾಳಿ ಹಚ್ಚಿ ಬರ್ರಿ."